ಲೈನ್ ಮನೆ ಮತ್ತು ಕಾಫಿ ಕಣ

ಈ ಸಂಚಿಕೆಗೆಂದು ಹಳೆಯ ಫೋಟೊಗಳನ್ನು ಹುಡುಕುವಾಗ ತೋಟದ ಬಂಗಲೆಯವು ಹತ್ತಾರು ಸಿಕ್ಕವು. ಹೂದೋಟ, ಕಾರು, ನಾಯಿ ಎಲ್ಲವೂ ಇದ್ದವು. ಕಾಫಿ ಒಣಗಿಸುವ ಕಣದವು ಮೂರೋ ನಾಲ್ಕೋ ಇದ್ದವು. ತೋಟದ ಆಳುಗಳು ವಾಸಿಸುವ ಸಾಲುಮನೆ, ಅಂದರೆ ಲೈನ್ ಮನೆಯದು ಒಂದೂ ಇರಲಿಲ್ಲ. ಹಾಗಾಗಿ ಕೊಡಗಿನ ಕಾಫಿ ತೋಟದ ಕತೆಯನ್ನು ಈ ಸಲ ಲೈನಿನಿಂದಲೇ ಶುರು ಮಾಡುತ್ತೇನೆ.

ಕೊಡಗು ಬ್ರಿಟಿಷರ ಕೈಸೇರಿದ್ದು 1834ರಲ್ಲಿ. ಇಪ್ಪತ್ತು ವರ್ಷ ಕಳೆದು, 1854ರಲ್ಲಿ, ಫೌಲರ್ ಎಂಬಾತ ಮಡಿಕೇರಿಯಲ್ಲಿ ಇಲ್ಲಿನ ಮೊದಲ ಯುರೋಪಿಯನ್ ತೋಟ ತೆರೆದ. ಕಾಡು ಕಡಿಯಲು, ಗುಂಡಿ ತೋಡಲು, ಹಣ್ಣು ಕೊಯ್ಯಲು ಇಲ್ಲಿಯವರೇ ಆದ ಯರವರು, ಕುರುಬರು ಸಾಲದೆ ಮೈಸೂರು ಸೀಮೆಯಿಂದಲೂ ಘಟ್ಟದ ಕೆಳಗಿನಿಂದಲೂ ಆಳುಗಳು ಬಂದರು. ಕರೆತಂದವನು ಮೇಸ್ತ್ರಿ, ಮುಂಗಡ ಕೈಗಿಟ್ಟವನೂ ಅವನೇ. ಮುಂಗಡ ಪಡೆದು ಕೆಲಸ ಬಿಟ್ಟವರನ್ನು ಕೋರ್ಟಿಗೆಳೆಯಲು 1859ರ ಕಾಯ್ದೆಯೊಂದು ಇತ್ತು. ಆಳುಗಳನ್ನು ಹಿಡಿದಿಡುವ ಈ ಲೆಕ್ಕಾಚಾರ ಲೈನಿನ ನಕ್ಷೆಯಲ್ಲೂ ಕಾಣುತ್ತದೆ. ಉದ್ದಕ್ಕೆ ಒಂದೇ ಮಾಡು, ಅದರಡಿ ಸಾಲು ಕೋಣೆಗಳು, ಎಲ್ಲ ಬಾಗಿಲೂ ಒಂದೇ ದಿಕ್ಕಿಗೆ. ಜಗಲಿಯ ತುದಿಯಲ್ಲಿ ನಿಂತರೆ ಸಾಕು, ಯಾರು ಕೆಲಸಕ್ಕೆ ಹೊರಟರು, ಯಾರು ಉಳಿದರು ಎಂದು ಮೇಸ್ತ್ರಿಗೆ ತಿಳಿಯುತ್ತಿತ್ತು.

ಕಲ್ಲಿನ ತಳಪಾಯ, ಮಣ್ಣಿನ ಇಲ್ಲವೆ ಹಸಿ ಇಟ್ಟಿಗೆಯ ಗೋಡೆ, ಸಗಣಿ ಸಾರಿಸಿದ ನೆಲ. ಮೊದಮೊದಲು ಮಾಡಿಗೆ ಹುಲ್ಲು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚು ನಿಧಾನವಾಗಿ ಘಟ್ಟ ಹತ್ತಿತು. ಕೆಲವು ತೋಟಗಳಲ್ಲಿ ತಗಡು ಬಂತು. ಮುಂದೊಂದು ಕೋಣೆ, ಹಿಂದೆ ಒಲೆ. ಹೊಗೆಗೆ ಬೇರೆ ದಾರಿಯಿಲ್ಲ, ಹೆಂಚಿನ ಸಂದಿನಲ್ಲೇ ಹೊರಗೆ ಹೋಗಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗುತ್ತಿತ್ತು. ಜೂನ್ ತಿಂಗಳ ಮಳೆ ಹಿಡಿದರೆ ನೆನೆದ ಕಂಬಳಿಗೂ ಅಲ್ಲೇ ಜಾಗ. ಮನೆಮನೆಗಳ ನಡುವಿನ ಗೋಡೆ ಎಷ್ಟೋ ಲೈನುಗಳಲ್ಲಿ ಮಾಡಿನವರೆಗೆ ಮುಟ್ಟುತ್ತಿರಲಿಲ್ಲ. ಒಂದು ಮನೆಯಲ್ಲಿ ಮಗು ಅತ್ತರೆ ಸಾಲಿಗೆಲ್ಲ ಎಚ್ಚರ, ಒಂದು ಮನೆಯಲ್ಲಿ ಒಣಮೀನು ಸುಟ್ಟರೆ ಸಾಲಿಗೆಲ್ಲ ಹಸಿವು.

ಇನ್ನು ಕಣ. ಕಾಫಿಗೆ ಮಣ್ಣು ತಾಗಿದರೆ ವಾಸನೆ ಹಿಡಿಯುತ್ತದೆ, ತೇವ ಉಳಿದರೆ ಬೂಸ್ಟು ಬರುತ್ತದೆ. ಅದಕ್ಕೇ ಕಣದ ನೆಲ ಗಟ್ಟಿ: ಮೊದಲು ಇಟ್ಟಿಗೆ, ಆಮೇಲೆ ಸಿಮೆಂಟು, ನೀರು ನಿಲ್ಲದಂತೆ ತುಸು ಓರೆ. ದನ ನುಗ್ಗಬಾರದು, ಮೂಟೆ ಮಾಯವಾಗಬಾರದು ಎಂದು ಸುತ್ತ ಗೋಡೆ. ಗೇಟಿನ ಬೀಗದ ಕೈ ತೋಟದ ಲೆಕ್ಕ ಬರೆಯುವ ರೈಟರ ಬಳಿ. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಒಣಗಲು ವಾರ, ಹತ್ತು ದಿನ ಬೇಕು. ಸಿಪ್ಪೆ ಸಮೇತ ಒಣಗಿಸುವ ಚೆರಿಗೆ ಇನ್ನೂ ಹೆಚ್ಚು. ದಿನವಿಡೀ ಕೆದಕಿ ತಿರುವುವುದು, ಸಂಜೆಗೆ ಗುಡ್ಡೆ ಮಾಡಿ ಇಬ್ಬನಿ ತಾಗದಂತೆ ಹೊದಿಸುವುದು ಹೆಚ್ಚಾಗಿ ಹೆಂಗಸರ ಕೆಲಸ. ಕಾಫಿಯನ್ನು ಬೆಚ್ಚಗೆ ಮಲಗಿಸಿ ಅವರು ತಮ್ಮ ಮಣ್ಣು ನೆಲದ ಕೋಣೆಗೆ ಹೋಗುತ್ತಿದ್ದರು. ಎಷ್ಟೋ ತೋಟಗಳಲ್ಲಿ ಸಿಮೆಂಟು ಮೊದಲು ಕಾಫಿಗೆ ಸಿಕ್ಕಿತು, ಕೊಯ್ದವರಿಗೆ ಆಮೇಲೆ.

ಇದು ಬದಲಾಗಲು ಕಾನೂನೇ ಬರಬೇಕಾಯಿತು. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ತೋಟದಲ್ಲೇ ವಾಸಿಸುವ ಕಾರ್ಮಿಕ ಕುಟುಂಬಕ್ಕೆ ಮನೆ ಕೊಡುವುದನ್ನು ಮಾಲೀಕರ ಹೊಣೆಯಾಗಿಸಿತು. 1981ರ ತಿದ್ದುಪಡಿಯು, ಕೊಟ್ಟ ಮನೆ ಕುಸಿದು ಸಾವುನೋವಾದರೆ, ಅದು ವಾಸವಿದ್ದವರ ತಪ್ಪಿನಿಂದಲೋ ಪ್ರಕೃತಿ ವಿಕೋಪದಿಂದಲೋ ಆದದ್ದಲ್ಲದಿದ್ದರೆ, ಪರಿಹಾರ ಕೊಡಬೇಕೆಂದಿತು. ಮನೆ ಕುಸಿಯುವ ಮಾತನ್ನು ಕಾಯ್ದೆಯಲ್ಲೇ ಬರೆಯಬೇಕಾಯಿತೆಂದರೆ ಗೋಡೆಗಳ ಸ್ಥಿತಿ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ.

ಈಗ ಹಳೆಯ ಲೈನುಗಳು ಒಂದೊಂದಾಗಿ ಉರುಳುತ್ತಿವೆ, ಆರ್‌ಸಿಸಿ ಮನೆಗಳು ಏಳುತ್ತಿವೆ. ಏಳಲಿ. ಸೋರುವ ಮಾಡಿನಡಿ ಯಾರನ್ನೂ ಇಟ್ಟು ಪರಂಪರೆ ಉಳಿಸುವುದು ಬೇಡ. ಆದರೆ ಕೆಡವುವ ಮುನ್ನ ಒಂದು ದಿನ ಬಿಡುವು ಮಾಡಿಕೊಳ್ಳಿ. ಟೇಪು ಹಿಡಿದು ಕೋಣೆಯ ಅಳತೆ ಬರೆದುಕೊಳ್ಳಿ, ಹೆಂಚಿನ ಮೇಲಿನ ಮುದ್ರೆ ನೋಡಿ, ಜಗಲಿಯಲ್ಲಿ ಅಜ್ಜಿಯೊಬ್ಬರನ್ನು ಕೂರಿಸಿ ಫೋಟೊ ತೆಗೆಯಿರಿ, ಅವರ ಹೆಸರನ್ನೂ ಅದರ ಹಿಂದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಬಂಗಲೆಯ ಚಿತ್ರದ ಎದುರು ಪುಟ ಖಾಲಿ ಇಡುತ್ತೇವೆ.