ರಾಯಚೂರು ಜಿಲ್ಲೆಯಲ್ಲಿ ಬಾಡಿಗೆದಾರರ ವಾಸಯೋಗ್ಯ ವಸತಿಯ ಹಕ್ಕು

ವಾಸಯೋಗ್ಯ ವಸತಿಯ ಹಕ್ಕು ಎಂದರೆ ಬಾಡಿಗೆ ತೆತ್ತು ವಾಸಿಸುವವರಿಗೆ ಸುಭದ್ರವಾದ ಕಟ್ಟಡ, ಶುದ್ಧ ನೀರು, ವಿದ್ಯುತ್, ಶೌಚ ವ್ಯವಸ್ಥೆ ಮತ್ತು ಅಡಚಣೆಯಿಲ್ಲದ ಸ್ವಾಧೀನ ದೊರೆಯಬೇಕೆಂಬ ಹಕ್ಕು. ಭಾರತದಲ್ಲಿ ಈ ಹಕ್ಕನ್ನು ಒಂದೇ ಕಡೆ ಪೂರ್ಣವಾಗಿ ನಿರೂಪಿಸುವ ಕಾನೂನು ಇಲ್ಲ. ಸಂವಿಧಾನದ 21ನೇ ವಿಧಿ, ಆಸ್ತಿ ವರ್ಗಾವಣೆ ಕಾಯ್ದೆ 1882, ಕರ್ನಾಟಕ ಬಾಡಿಗೆ ಕಾಯ್ದೆ 1999, ವಿದ್ಯುಚ್ಛಕ್ತಿ ಕಾಯ್ದೆ 2003 ಮತ್ತು ಪೌರಾಡಳಿತ ಕಾಯ್ದೆಗಳಲ್ಲಿ ಅದು ಹಂಚಿಹೋಗಿದೆ. ಈ ಲೇಖನವು ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ಪಟ್ಟಣಗಳ ಬಾಡಿಗೆದಾರರಿಗೆ ಅನ್ವಯಿಸುವ ನಿಯಮಗಳನ್ನು ವಿವರಿಸುತ್ತದೆ.

ಹಿನ್ನೆಲೆ

ರಾಯಚೂರು ಜಿಲ್ಲೆಯು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ದೋಆಬ್ ಪ್ರದೇಶದಲ್ಲಿದೆ. ಹತ್ತಿ ಮತ್ತು ಭತ್ತದ ವ್ಯಾಪಾರ, ಜಿನ್ನಿಂಗ್ ಕಾರ್ಖಾನೆಗಳು, ಅಕ್ಕಿ ಗಿರಣಿಗಳು, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗಳ ಕಾರಣದಿಂದ ನಗರದಲ್ಲಿ ಬಾಡಿಗೆ ಮನೆಗಳಿಗೆ ಸದಾ ಬೇಡಿಕೆಯಿದೆ. ತಾಲ್ಲೂಕು ಕೇಂದ್ರಗಳಾದ ದೇವದುರ್ಗ ಮತ್ತು ಮಾನ್ವಿಗಳಲ್ಲಿ ಪರಊರಿನಿಂದ ಬಂದ ಶಿಕ್ಷಕರು, ದಾದಿಯರು, ಬ್ಯಾಂಕ್ ಸಿಬ್ಬಂದಿ, ಮಕ್ಕಳ ವಿದ್ಯಾಭ್ಯಾಸಕ್ಕೆಂದು ಹಳ್ಳಿಯಿಂದ ಬಂದು ನೆಲೆಸಿದ ಕುಟುಂಬಗಳು ಬಾಡಿಗೆದಾರರಾಗಿ ಇರುತ್ತಾರೆ.

ಈ ಭಾಗದ ಹಳೆಯ ಮನೆಗಳಲ್ಲಿ ಮಣ್ಣಿನ ಮಾಳಿಗೆ ಮತ್ತು ಕಲ್ಲಿನ ಪರಸಿ ಹಾಸಿದ ಛಾವಣಿಗಳು ಸಾಮಾನ್ಯ. ಮಣ್ಣಿನ ಮಾಳಿಗೆಗಳು ಬೇಸಿಗೆಯಲ್ಲಿ ತಂಪಾಗಿರುತ್ತವೆಯಾದರೂ ಕಾಲಕಾಲಕ್ಕೆ ದುರಸ್ತಿ ಮಾಡದಿದ್ದರೆ ಮಳೆಗಾಲದಲ್ಲಿ ಸೋರುತ್ತವೆ. ನೀರುಂಡ ಗೋಡೆಗಳು ಕುಸಿಯುವುದೂ ಉಂಟು. ಹೊಸದಾಗಿ ಕಟ್ಟಿದ ತಗಡಿನ ಶೆಡ್ಡುಗಳಲ್ಲಿ ಬೇಸಿಗೆಯ ಧಗೆ ತಡೆಯುವುದು ಕಷ್ಟ. ಜಿಲ್ಲೆಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಅಂಶವಿರುವುದರಿಂದ ಕೇವಲ ಕೊಳವೆಬಾವಿಯನ್ನು ನಂಬಿದ ಮನೆಗಳಲ್ಲಿ ಕುಡಿಯುವ ನೀರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ದುರಸ್ತಿ ಯಾರ ಹೊಣೆ ಎಂಬ ಪ್ರಶ್ನೆ ಅನುಕೂಲಕ್ಕೆ ಮಾತ್ರವಲ್ಲ, ಜೀವದ ಭದ್ರತೆಗೂ ಸಂಬಂಧಿಸಿದೆ.

ಕಾನೂನಿನ ಇತಿಹಾಸ

1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಆ ರಾಜ್ಯದಲ್ಲಿ 1954ರ ಮನೆ ಬಾಡಿಗೆ ಮತ್ತು ತೆರವು ನಿಯಂತ್ರಣ ಕಾಯ್ದೆ ಜಾರಿಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಹಳೆಯ ಮೈಸೂರು, ಮುಂಬಯಿ, ಮದ್ರಾಸ್ ಮತ್ತು ಹೈದರಾಬಾದ್ ಪ್ರಾಂತ್ಯಗಳಲ್ಲಿ ಬೇರೆ ಬೇರೆ ಬಾಡಿಗೆ ಕಾನೂನುಗಳು ಉಳಿದುಕೊಂಡವು. ಅವೆಲ್ಲವುಗಳ ಬದಲಿಗೆ 1961ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು.

1961ರ ಕಾಯ್ದೆಯ ಸ್ಥಾನದಲ್ಲಿ ಕರ್ನಾಟಕ ಬಾಡಿಗೆ ಕಾಯ್ದೆ, 1999 ರಚನೆಯಾಗಿ, 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಲಿಖಿತ ಕರಾರು, ಪ್ರಮಾಣಿತ ಬಾಡಿಗೆ, ರಸೀದಿ, ಬಾಡಿಗೆ ಪರಿಷ್ಕರಣೆ ಮತ್ತು ತೆರವಿನ ಕಾರಣಗಳನ್ನು ಈ ಕಾಯ್ದೆ ನಿಗದಿಪಡಿಸುತ್ತದೆ.

ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿ

ಕಾಯ್ದೆಯ ರಕ್ಷಣೆ ಎಲ್ಲ ಬಾಡಿಗೆ ಮನೆಗಳಿಗೂ ದೊರೆಯುವುದಿಲ್ಲ. ಅದರ ಮೊದಲ ಅನುಸೂಚಿಯ ‘ಎ’ ಭಾಗದಲ್ಲಿ ಹೆಸರಿಸಿದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ ಹಾಗೂ ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗಳು ಹೊರಗುಳಿಯುತ್ತವೆ. ಇದಕ್ಕೆ ಕಾಯ್ದೆ ಜಾರಿಯಾದ ದಿನದ ಪರಿಗಣಿತ ಬಾಡಿಗೆ ಅಥವಾ ಪ್ರಮಾಣಿತ ಬಾಡಿಗೆಯೇ ಲೆಕ್ಕ. ಹೊಸದಾಗಿ ಕಟ್ಟಿದ ಅಥವಾ ಗಣನೀಯವಾಗಿ ನವೀಕರಿಸಿದ ಕಟ್ಟಡಗಳಿಗೆ ಕಾಮಗಾರಿ ಮುಗಿದ ದಿನದಿಂದ 15 ವರ್ಷಗಳವರೆಗೆ ವಿನಾಯಿತಿಯಿದೆ. ಸರ್ಕಾರಿ ಕಟ್ಟಡಗಳಿಗೂ ಕಾಯ್ದೆ ಅನ್ವಯಿಸುವುದಿಲ್ಲ.

ಕಾಯ್ದೆ ಅನ್ವಯಿಸುವ ಮನೆಗಳಲ್ಲಿ ಬಾಡಿಗೆದಾರನನ್ನು 27ನೇ ಕಲಮಿನಲ್ಲಿ ಹೇಳಿದ ಕಾರಣಗಳಿಗಾಗಿ, ನ್ಯಾಯಾಲಯದ ಆದೇಶದ ಮೂಲಕವೇ ತೆರವುಗೊಳಿಸಬೇಕು. ಬಾಡಿಗೆ ಬಾಕಿ, ಒಪ್ಪಿಗೆಯಿಲ್ಲದೆ ಒಳಬಾಡಿಗೆಗೆ ಕೊಡುವುದು, ಮಾಲೀಕನ ನೈಜ ಸ್ವಂತ ಅಗತ್ಯ ಮೊದಲಾದವು ಈ ಕಾರಣಗಳಲ್ಲಿ ಸೇರಿವೆ. ತೆತ್ತ ಬಾಡಿಗೆಗೆ ರಸೀದಿ ಪಡೆಯುವುದು ಬಾಡಿಗೆದಾರನ ಹಕ್ಕು. ಮಾಲೀಕ ಬಾಡಿಗೆ ಸ್ವೀಕರಿಸಲು ನಿರಾಕರಿಸಿದರೆ ಹಣವನ್ನು ಠೇವಣಿ ಇಡಲು ಕಾಯ್ದೆಯಲ್ಲಿ ಅವಕಾಶವಿದೆ.

ರೂಪಾಯಿಯ ಮಿತಿಯನ್ನು ನಿಗದಿಪಡಿಸಿದ ಕಾಲಕ್ಕೂ ಇಂದಿಗೂ ಬಾಡಿಗೆಗಳಲ್ಲಿ ಬಹಳ ಅಂತರವಿದೆ. ಮಿತಿ ಮೀರಿದ ಮನೆಗಳು ಮತ್ತು ಹೊಸ ಕಟ್ಟಡಗಳ ಬಾಡಿಗೆದಾರರು ಈ ಕಾಯ್ದೆಯನ್ನು ಆಶ್ರಯಿಸಲಾಗದು. ಅವರ ಸಂಬಂಧಗಳನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತು ಉಭಯತರು ಮಾಡಿಕೊಂಡ ಕರಾರು ನಿರ್ಧರಿಸುತ್ತವೆ.

ದುರಸ್ತಿಯ ಹೊಣೆ

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಮಾಲೀಕ ಮತ್ತು ಬಾಡಿಗೆದಾರರ ಪರಸ್ಪರ ಹಕ್ಕು ಬಾಧ್ಯತೆಗಳನ್ನು ಪಟ್ಟಿ ಮಾಡುತ್ತದೆ. ವ್ಯತಿರಿಕ್ತ ಕರಾರು ಅಥವಾ ಸ್ಥಳೀಯ ರೂಢಿ ಇಲ್ಲದಿದ್ದಾಗ ಈ ನಿಯಮಗಳು ಅನ್ವಯಿಸುತ್ತವೆ. ವಾಸಯೋಗ್ಯತೆಗೆ ಸಂಬಂಧಿಸಿದ ಮುಖ್ಯ ಅಂಶಗಳು ಹೀಗಿವೆ:

• ದೋಷಗಳನ್ನು ತಿಳಿಸುವ ಬಾಧ್ಯತೆ: ಮಾಲೀಕನಿಗೆ ಗೊತ್ತಿದ್ದು, ಬಾಡಿಗೆದಾರನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂತಹ ಮಹತ್ವದ ದೋಷವನ್ನು ಮಾಲೀಕನು ಮುಂಚಿತವಾಗಿ ತಿಳಿಸಬೇಕು. ಸುಣ್ಣದ ಮರೆಯಲ್ಲಿ ಮುಚ್ಚಿಹೋದ ಗೋಡೆಯ ಆಳವಾದ ಬಿರುಕು ಇದಕ್ಕೆ ಉದಾಹರಣೆಯಾಗಬಲ್ಲದು.
• ನೆಮ್ಮದಿಯ ಸ್ವಾಧೀನ: ಬಾಡಿಗೆ ಕೊಟ್ಟು ಕರಾರಿನಂತೆ ನಡೆದುಕೊಳ್ಳುವ ಬಾಡಿಗೆದಾರನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯನ್ನು ಅನುಭವಿಸಬಹುದು.
• ವಿಕೋಪದಿಂದ ಹಾನಿ: ಬೆಂಕಿ, ಬಿರುಗಾಳಿ, ಪ್ರವಾಹ ಮುಂತಾದವುಗಳಿಂದ ಮನೆಯ ಪ್ರಮುಖ ಭಾಗ ನಾಶವಾದರೆ ಅಥವಾ ಬಳಕೆಗೆ ಗಣನೀಯವಾಗಿ ಹಾಗೂ ಶಾಶ್ವತವಾಗಿ ಅಯೋಗ್ಯವಾದರೆ, ಬಾಡಿಗೆದಾರನು ಬಯಸಿದಲ್ಲಿ ಬಾಡಿಗೆಯ ಕರಾರನ್ನು ರದ್ದುಪಡಿಸಬಹುದು. ಹಾನಿಗೆ ಅವನದೇ ತಪ್ಪು ಕಾರಣವಾಗಿದ್ದರೆ ಈ ಅವಕಾಶವಿಲ್ಲ. 2009ರ ಅಕ್ಟೋಬರ್ ಮತ್ತು 2019ರ ಆಗಸ್ಟ್ ತಿಂಗಳ ನೆರೆಗಳನ್ನು ಕಂಡ ಈ ಜಿಲ್ಲೆಗೆ ಈ ನಿಯಮ ಬಹಳ ಪ್ರಸ್ತುತವಾದುದು.
• ದುರಸ್ತಿ ವೆಚ್ಚದ ಕಡಿತ: ಮಾಲೀಕನು ತಾನು ಮಾಡಿಕೊಡಲು ಬದ್ಧನಾದ ದುರಸ್ತಿಯನ್ನು, ನೋಟಿಸು ತಲುಪಿದ ನಂತರವೂ ಯುಕ್ತ ಸಮಯದೊಳಗೆ ಮಾಡದಿದ್ದರೆ, ಬಾಡಿಗೆದಾರನೇ ಅದನ್ನು ಮಾಡಿಸಿ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು ಅಥವಾ ಮಾಲೀಕನಿಂದ ವಸೂಲು ಮಾಡಬಹುದು.
• ಬಾಡಿಗೆದಾರನ ಬಾಧ್ಯತೆ: ಸಹಜ ಸವೆತ ಮತ್ತು ತಡೆಯಲಾಗದ ಕಾರಣಗಳಿಂದಾದ ಹಾನಿಯನ್ನು ಬಿಟ್ಟು, ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಉಳಿಸಿಕೊಂಡು ಹಿಂದಿರುಗಿಸಬೇಕು. ಮಾಲೀಕನ ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ.

ದುರಸ್ತಿ ವೆಚ್ಚದ ನಿಯಮದಲ್ಲಿ ‘ಬದ್ಧನಾದ’ ಎಂಬ ಪದವೇ ನಿರ್ಣಾಯಕ. ಮನೆಯನ್ನು ಸುಸ್ಥಿತಿಯಲ್ಲಿಡುವ ಸಾಮಾನ್ಯ ಕರ್ತವ್ಯವನ್ನು ಈ ಕಲಂ ತಾನಾಗಿಯೇ ಮಾಲೀಕನ ಮೇಲೆ ಹೊರಿಸುವುದಿಲ್ಲ. ಆ ಬದ್ಧತೆ ಕರಾರಿನಿಂದ, ರೂಢಿಯಿಂದ ಅಥವಾ ಬೇರೊಂದು ಕಾನೂನಿನಿಂದ ಹುಟ್ಟಬೇಕು. ಕರಾರಿನಲ್ಲಿ ಛಾವಣಿ, ಗೋಡೆ, ಕೊಳವೆ ಮತ್ತು ವಿದ್ಯುತ್ ತಂತಿಗಳ ದುರಸ್ತಿ ಮಾಲೀಕನದೆಂದು ಬರೆದಿದ್ದರೆ, ಸೋರುವ ಮಾಳಿಗೆಯ ಬಗ್ಗೆ ಬಾಡಿಗೆದಾರನಿಗೆ ಸ್ಪಷ್ಟ ಹಕ್ಕು ಇರುತ್ತದೆ. ಹಾಗೆ ಬರೆಯದಿದ್ದಲ್ಲಿ ಅಥವಾ ಒಪ್ಪಂದ ಬರಿಯ ಬಾಯಿಮಾತಿನದಾಗಿದ್ದಲ್ಲಿ, ಅದೇ ಸೋರಿಕೆಗೆ ಹಣ ಮುರಿದುಕೊಂಡ ಬಾಡಿಗೆದಾರನು ಬಾಕಿದಾರನೆಂದು ಕರೆಸಿಕೊಳ್ಳುವ ಅಪಾಯವಿದೆ. ಬಾಡಿಗೆ ಮನೆಯ ಸುರಕ್ಷತೆಯ ವಿಷಯದಲ್ಲಿ ಕರಾರಿನ ಒಂದು ಸಾಲಿಗೆ ಇಷ್ಟು ತೂಕ ಬರುವುದು ಈ ಕಾರಣದಿಂದ.

ಕರಾರು ಮತ್ತು ನೋಂದಣಿ

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರು ನೋಂದಾಯಿತ ಪತ್ರದ ಮೂಲಕವೇ ಆಗಬೇಕೆಂದು ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು ನೋಂದಣಿ ಕಾಯ್ದೆ 1908ರ 17ನೇ ಕಲಂ ವಿಧಿಸುತ್ತವೆ. 11 ತಿಂಗಳ ಕರಾರು ಎಲ್ಲೆಡೆ ರೂಢಿಗೆ ಬಂದಿರುವುದು ಈ ನೋಂದಣಿಯನ್ನು ತಪ್ಪಿಸುವ ಸಲುವಾಗಿ. ಸ್ವಾಧೀನ ಕೊಟ್ಟ ಬಾಯಿಮಾತಿನ ಬಾಡಿಗೆಯೂ ಆಸ್ತಿ ವರ್ಗಾವಣೆ ಕಾಯ್ದೆಯಡಿ ಅಸಿಂಧುವಲ್ಲ. ಬೇರೆ ಕರಾರು ಇಲ್ಲದಿದ್ದರೆ ಅದನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯೆಂದು ಪರಿಗಣಿಸಲಾಗುತ್ತದೆ. 106ನೇ ಕಲಮಿನ ಪ್ರಕಾರ ಅದನ್ನು ಕೊನೆಗೊಳಿಸಲು 15 ದಿನಗಳ ಲಿಖಿತ ನೋಟಿಸು ಅಗತ್ಯ.

ಕರಾರಿನಲ್ಲಿ ಬಾಡಿಗೆ ಮತ್ತು ಮುಂಗಡದ ಮೊತ್ತ, ಮುಂಗಡ ಹಿಂದಿರುಗಿಸುವ ಗಡುವು, ಸುಣ್ಣ ಬಣ್ಣದ ಖರ್ಚು, ದೊಡ್ಡ ಮತ್ತು ಸಣ್ಣ ದುರಸ್ತಿಗಳ ಹಂಚಿಕೆ, ನೀರಿನ ಮೂಲ, ವಿದ್ಯುತ್ ಮೀಟರಿನ ಸಂಖ್ಯೆ ಇವುಗಳನ್ನು ನಮೂದಿಸಬಹುದು. ಮನೆ ಪ್ರವೇಶಿಸುವ ದಿನ ತೆಗೆದ ಛಾಯಾಚಿತ್ರಗಳು, ಬಾಡಿಗೆಯ ರಸೀದಿ ಅಥವಾ ಬ್ಯಾಂಕ್ ಮೂಲಕ ಮಾಡಿದ ಪಾವತಿಯ ದಾಖಲೆ ಮುಂದೆ ವಿವಾದ ಬಂದಾಗ ಸಾಕ್ಷ್ಯವಾಗುತ್ತವೆ.

ವಿದ್ಯುತ್ ಮತ್ತು ನೀರು

ವಿದ್ಯುಚ್ಛಕ್ತಿ ಕಾಯ್ದೆ 2003ರ 43ನೇ ಕಲಮಿನಂತೆ, ಕಟ್ಟಡದ ಮಾಲೀಕ ಅಥವಾ ಅದರಲ್ಲಿ ವಾಸಿಸುವವರು ಅರ್ಜಿ ಸಲ್ಲಿಸಿದಾಗ ವಿದ್ಯುತ್ ವಿತರಣಾ ಸಂಸ್ಥೆಯು ಸಂಪರ್ಕ ನೀಡಬೇಕು. ರಾಯಚೂರು ಜಿಲ್ಲೆಯಲ್ಲಿ ಈ ಸಂಸ್ಥೆ ಗುಲ್ಬರ್ಗಾ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಜೆಸ್ಕಾಂ. ವಿದ್ಯುತ್ ಮೂಲಭೂತ ಸೌಕರ್ಯವಾಗಿದ್ದು, ಮಾಲೀಕನು ನಿರಾಕ್ಷೇಪಣಾ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ದಿಲೀಪ್ ಮತ್ತು ಸತೀಶ್ ನಡುವಿನ ಪ್ರಕರಣದಲ್ಲಿ ಹೇಳಿತು. 2023ರಲ್ಲಿ ಜಾರಿಗೆ ಬಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ಫಲಾನುಭವಿಗಳಾಗಬಹುದು.

ಮನೆಯೊಳಗಿನ ಸುರಕ್ಷತೆ ಊರಿನ ವ್ಯವಸ್ಥೆಯನ್ನೂ ಅವಲಂಬಿಸಿದೆ. 2022ರ ಮೇ ಕೊನೆ ಮತ್ತು ಜೂನ್ ಆರಂಭದಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಮೃತಪಟ್ಟರು. ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು. ಮರುವರ್ಷದ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿ ಗ್ರಾಮದಲ್ಲಿಯೂ ಕಲುಷಿತ ನೀರಿನಿಂದ ಜನರು ಅಸ್ವಸ್ಥರಾದರು. ನಲ್ಲಿಗೆ ಬರುವ ನೀರಿನ ಶುದ್ಧತೆ ಸ್ಥಳೀಯ ಸಂಸ್ಥೆಯ ಹೊಣೆ. ಮನೆಯ ತೊಟ್ಟಿ ಮತ್ತು ಒಳಗಿನ ಕೊಳವೆಗಳ ಸ್ಥಿತಿ ಮಾಲೀಕ ಹಾಗೂ ಬಾಡಿಗೆದಾರರ ನಡುವಿನ ವಿಷಯ. ದೂರು ಕೊಡುವಾಗ ಈ ಎರಡನ್ನೂ ಬೇರ್ಪಡಿಸಿ ನೋಡುವುದು ಅವಶ್ಯ.

ಸ್ಥಳೀಯ ಸಂಸ್ಥೆಗಳ ಪಾತ್ರ

ಬಹುಕಾಲ ನಗರಸಭೆಯಾಗಿದ್ದ ರಾಯಚೂರು ಈಚೆಗೆ ಮಹಾನಗರ ಪಾಲಿಕೆಯ ದರ್ಜೆ ಪಡೆದಿದೆ. ದೇವದುರ್ಗ ಮತ್ತು ಮಾನ್ವಿಗಳಲ್ಲಿ ಪುರಸಭೆಗಳಿವೆ. ಪುರಸಭೆಗಳು ಕರ್ನಾಟಕ ಪೌರಸಭೆಗಳ ಕಾಯ್ದೆ 1964ರಂತೆಯೂ, ಮಹಾನಗರ ಪಾಲಿಕೆಗಳು ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976ರಂತೆಯೂ ನಡೆಯುತ್ತವೆ. ಕುಸಿಯುವ ಸ್ಥಿತಿಯಲ್ಲಿರುವ ಕಟ್ಟಡವನ್ನು ದುರಸ್ತಿಗೊಳಿಸಲು ಅಥವಾ ಕೆಡವಲು ನೋಟಿಸು ನೀಡುವ ಅಧಿಕಾರ ಈ ಸಂಸ್ಥೆಗಳಿಗಿದೆ. ಅಪಾಯಕಾರಿ ಗೋಡೆ, ತುಂಬಿ ಹರಿಯುವ ಚರಂಡಿ ಮತ್ತು ಕಲುಷಿತ ನೀರಿನ ಬಗ್ಗೆ ದೂರು ನೀಡಲು ಮನೆಯ ಒಡೆತನ ಬೇಕಿಲ್ಲ, ನಿವಾಸಿಯಾಗಿದ್ದರೆ ಸಾಕು.

ಬಲವಂತದ ತೆರವು

ದುರಸ್ತಿ ಕೇಳಿದ ಬಾಡಿಗೆದಾರನಿಗೆ ಮನೆ ಖಾಲಿ ಮಾಡಿಸುವ ಭಯ ಸಹಜ. ಕರಾರಿನ ಅವಧಿ ಮುಗಿದಿದ್ದರೂ ಬೀಗ ಹಾಕಿ, ಸಾಮಾನು ಹೊರಗೆಸೆದು ಅಥವಾ ನೀರು, ವಿದ್ಯುತ್ ಕಡಿದು ತೆರವುಗೊಳಿಸುವುದು ಕಾನೂನುಬದ್ಧವಲ್ಲ. ಮಾಲೀಕನು ನ್ಯಾಯಾಲಯದ ಮೊರೆ ಹೋಗಬೇಕು. ಹಾಗಲ್ಲದೆ ಹೊರಹಾಕಲ್ಪಟ್ಟವರು ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಮಿನಡಿ ಸ್ವಾಧೀನವನ್ನು ಮರಳಿ ಪಡೆಯಲು ದಾವೆ ಹೂಡಬಹುದು. ಈ ದಾವೆಯನ್ನು ಹೊರಹಾಕಿದ ದಿನದಿಂದ 6 ತಿಂಗಳೊಳಗೆ ಹೂಡಬೇಕು. ಇದರಲ್ಲಿ ಮನೆಯ ಒಡೆತನ ಯಾರದೆಂಬ ಪ್ರಶ್ನೆ ಬರುವುದಿಲ್ಲ.

ಸಂವಿಧಾನದ ದೃಷ್ಟಿ

ಚಮೇಲಿ ಸಿಂಗ್ ಮತ್ತು ಉತ್ತರ ಪ್ರದೇಶ ಸರ್ಕಾರದ ನಡುವಿನ ಪ್ರಕರಣದಲ್ಲಿ, 1995ರ ಡಿಸೆಂಬರಿನಲ್ಲಿ ನೀಡಿದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಶ್ರಯದ ಹಕ್ಕನ್ನು ಜೀವಿಸುವ ಹಕ್ಕಿನ ಭಾಗವೆಂದು ವಿವರಿಸಿತು. ತಲೆಯ ಮೇಲೊಂದು ಸೂರು ಇದ್ದರೆ ಸಾಲದು. ಸಾಕಷ್ಟು ಸ್ಥಳ, ಸುಭದ್ರ ಕಟ್ಟಡ, ಗಾಳಿ ಬೆಳಕು, ಶುದ್ಧ ನೀರು, ವಿದ್ಯುತ್, ನೈರ್ಮಲ್ಯ ಮತ್ತು ರಸ್ತೆಗಳೂ ಅದರಲ್ಲಿ ಸೇರಿವೆಯೆಂಬುದು ತೀರ್ಪಿನ ತಾತ್ಪರ್ಯ. ಈ ಹಕ್ಕು ಮುಖ್ಯವಾಗಿ ಸರ್ಕಾರವನ್ನು ಉದ್ದೇಶಿಸಿದ್ದು, ಖಾಸಗಿ ಮಾಲೀಕನ ವಿರುದ್ಧದ ವಿವಾದಕ್ಕೆ ಕರಾರು ಮತ್ತು ಶಾಸನಗಳೇ ಆಧಾರ.

ಮಾದರಿ ಬಾಡಿಗೆ ಕಾಯ್ದೆ, 2021

ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು, ಕರಾರು ಲಿಖಿತವಾಗಿರಬೇಕು, ಮಾಲೀಕನು ಮನೆಯೊಳಗೆ ಬರುವ ಮೊದಲು 24 ಗಂಟೆಗಳ ಸೂಚನೆ ಕೊಡಬೇಕು, ಅಗತ್ಯ ಸೇವೆಗಳನ್ನು ತಡೆಹಿಡಿಯಬಾರದು ಎಂದು ಅದು ಹೇಳುತ್ತದೆ. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಕಟ್ಟಡದ ಮೂಲ ರಚನೆ, ಸುಣ್ಣ ಬಣ್ಣ, ಕೊಳವೆ ಮತ್ತು ವಿದ್ಯುತ್ ತಂತಿಗಳ ದುರಸ್ತಿಯನ್ನು ಮಾಲೀಕನಿಗೂ, ನಲ್ಲಿಯ ವಾಷರು, ಸ್ವಿಚ್ಚು, ಬೀಗ, ಕಿಟಕಿಯ ಗಾಜು ಮೊದಲಾದವನ್ನು ಬಾಡಿಗೆದಾರನಿಗೂ ಅದರ ಅನುಸೂಚಿ ಹಂಚುತ್ತದೆ. ಬಾಡಿಗೆ ವಿಷಯ ರಾಜ್ಯಗಳ ಅಧಿಕಾರಕ್ಕೆ ಸೇರಿರುವುದರಿಂದ, ರಾಜ್ಯ ಶಾಸಕಾಂಗವು ಅಳವಡಿಸಿಕೊಳ್ಳದ ಹೊರತು ಈ ಮಾದರಿ ತಾನಾಗಿಯೇ ಜಾರಿಗೆ ಬರುವುದಿಲ್ಲ. ಆದರೆ ಅದರ ದುರಸ್ತಿ ಹಂಚಿಕೆಯನ್ನು ಕರಾರಿನಲ್ಲಿ ಬರೆದುಕೊಳ್ಳಲು ಯಾವ ಅಡ್ಡಿಯೂ ಇಲ್ಲ.

ಕಾನೂನು ನೆರವು

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಮಿನಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಮುಂತಾದ ವಿಕೋಪದ ಸಂತ್ರಸ್ತರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದ್ದು, ತಾಲ್ಲೂಕು ಮಟ್ಟದಲ್ಲಿ ಕಾನೂನು ಸೇವೆಗಳ ಸಮಿತಿಗಳಿವೆ. ಮುಂಗಡ ಹಣ, ದುರಸ್ತಿ ವೆಚ್ಚದಂತಹ ವಿವಾದಗಳನ್ನು ಲೋಕ ಅದಾಲತ್ ಮೂಲಕ ರಾಜಿಯಲ್ಲಿ ಬಗೆಹರಿಸಿಕೊಳ್ಳಬಹುದು. ಜಿಲ್ಲೆಯ ಪ್ರಕರಣಗಳು ಉಚ್ಚ ನ್ಯಾಯಾಲಯದ ಹಂತದಲ್ಲಿ ಕಲಬುರಗಿ ಪೀಠದ ವ್ಯಾಪ್ತಿಗೆ ಬರುತ್ತವೆ.