ಊರ ಕೊನೆಯ ತಂತಿ ಯಾರದು?



ಹಿರೇಕೆರೂರಿನ ಸುತ್ತ ಕೇಬಲ್ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಳಿದ: “ಗುರುಗಳೇ, ಇಂಟರ್‌ನೆಟ್ ಕೊಡುವ ಸಣ್ಣವರಿಗೆ ಇಷ್ಟೊಂದು ಕಾಯಿದೆ ಏಕೆ?” ಇತಿಹಾಸದ ಮಾಸ್ತರನಾದ ನಾನು ಇತಿಹಾಸದಿಂದಲೇ ಉತ್ತರಿಸಬಲ್ಲೆ.

1885ರ ಟೆಲಿಗ್ರಾಫ್ ಕಾಯಿದೆಯು ತಂತಿಯ ಹಕ್ಕನ್ನೆಲ್ಲ ಸರ್ಕಾರಕ್ಕೆ ಮೀಸಲಿಟ್ಟಿತು. ಬೇರೆಯವರಿಗೆ ಪರವಾನಗಿ ಬೇಕಿತ್ತು. ನೂರು ವರ್ಷಗಳ ಬಳಿಕ, 1986ರಲ್ಲಿ, ದೇಶೀಯವಾಗಿ ರೂಪಿಸಿದ ಸಿ-ಡಾಟ್‌ನ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರವು ನಮ್ಮ ಕಿತ್ತೂರಿನಲ್ಲಿ ಆರಂಭವಾಯಿತು. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆಗಲೂ ಬಾಗಿಲು ಒಂದೇ.

1998ರ ನೀತಿ ಆ ಬಾಗಿಲನ್ನು ಖಾಸಗಿಯವರಿಗೂ ತೆರೆಯಿತು. ದೇಶಕ್ಕೆಲ್ಲ ‘ಎ’, ರಾಜ್ಯದಷ್ಟು ಪ್ರದೇಶಕ್ಕೆ ‘ಬಿ’, ಸುಮಾರು ಜಿಲ್ಲೆಯಷ್ಟು ಪ್ರದೇಶಕ್ಕೆ ‘ಸಿ’ ಎಂಬ ವರ್ಗಗಳಾದವು. ‘ಎ’ ವರ್ಗಕ್ಕೆ 2 ಕೋಟಿ ರೂಪಾಯಿ ಬ್ಯಾಂಕ್ ಖಾತರಿ, ‘ಸಿ’ ವರ್ಗಕ್ಕೆ 3 ಲಕ್ಷ. ಮೊದಲ ಐದು ವರ್ಷ ಪರವಾನಗಿ ಶುಲ್ಕವೇ ಇರಲಿಲ್ಲ, ಅನಂತರ ವರ್ಷಕ್ಕೆ 1 ರೂಪಾಯಿ. ಸಣ್ಣವನನ್ನೂ ಲೆಕ್ಕಕ್ಕೆ ಹಿಡಿದ ನೀತಿಯದು.

ಆದರೆ ಮನೆಯವರೆಗಿನ ತಾಮ್ರದ ತಂತಿ ಬಹುಮಟ್ಟಿಗೆ ಸರ್ಕಾರಿ ದೂರವಾಣಿಯದೇ ಆಗಿತ್ತು. ಅದನ್ನು ಇತರರಿಗೂ ಬಾಡಿಗೆಗೆ ಕೊಡಿಸಬೇಕೆಂದು ಟ್ರಾಯ್ 2004ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷದ ಬ್ರಾಡ್‌ಬ್ಯಾಂಡ್ ನೀತಿ ಅದನ್ನು ಕಡ್ಡಾಯ ಮಾಡಲಿಲ್ಲ, ಪರಸ್ಪರ ಒಪ್ಪಂದಕ್ಕೆ ಬಿಟ್ಟಿತು. ತಂತಿಯುಳ್ಳವನು ಒಪ್ಪದಿದ್ದರೆ ಇಲ್ಲದವನ ಪರವಾನಗಿ ಬರಿಯ ಕಾಗದ. ಸಣ್ಣವರಿಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. 2005ರಲ್ಲಿ 2.4 ಗಿಗಾಹರ್ಟ್ಸ್ ತರಂಗಕ್ಕೆ ಪರವಾನಗಿ ಬೇಡವೆಂದಾಗ ತಂತಿಯಿಲ್ಲದ ಹಾದಿಯೊಂದು ತೆರೆಯಿತು, ಅಷ್ಟೇ ಸಮಾಧಾನ.

2013ರ ಏಕೀಕೃತ ಪರವಾನಗಿಯಲ್ಲಿ 1 ರೂಪಾಯಿಯ ಕಾಲ ಮುಗಿದು, ಆದಾಯದ ನೂರಕ್ಕೆ 8ರ ಶುಲ್ಕ ಬಂದಿತು. ಯಾವ ಆದಾಯಕ್ಕೆ ಎಂಬ ವ್ಯಾಜ್ಯ ನ್ಯಾಯಮಂಡಳಿಯವರೆಗೆ ಹೋಯಿತು. ‘ಸಿ’ ವರ್ಗದ ಪ್ರವೇಶ ಶುಲ್ಕ ಆಗ 20,000 ರೂಪಾಯಿ ಮಾತ್ರ ಇತ್ತು. ಒಳಗೆ ಹೋಗುವುದು ಸುಲಭ, ಲೆಕ್ಕಪತ್ರ ಮತ್ತು ದಾಖಲೆಗಳ ಹೊರೆ ಹೊತ್ತು ನಿಲ್ಲುವುದು ಕಷ್ಟ. ಆದ್ದರಿಂದಲೇ ಅನೇಕರು ದೊಡ್ಡ ಪರವಾನಗಿದಾರರ ಕೆಳಗೆ ಪಾಲುದಾರರಾದರು. ಬೀದಿಯ ತಂತಿ ಇವರದು, ಬೈಗುಳವೂ ಇವರಿಗೆ. ಆದರೆ ಮೇಲಿನ ಒಪ್ಪಂದ ಮುರಿದರೆ ಜೀವನೋಪಾಯವೇ ಹೋದೀತು.

2023ರ ದೂರಸಂಪರ್ಕ ಕಾಯಿದೆ 1885ರದರ ಸ್ಥಾನಕ್ಕೆ ಬಂದಿದೆ. ಕಂಬ, ರಸ್ತೆಗಳ ಬಳಕೆಗೆ 2024ರಲ್ಲಿ ಹೊಸ ನಿಯಮಗಳೂ ಆಗಿವೆ.

ಶಿಷ್ಯನಿಗೆ ನನ್ನ ಉತ್ತರ ಇಷ್ಟೆ: ಕಾಯಿದೆ ಬೇಕು, ಗ್ರಾಹಕನ ರಕ್ಷಣೆಗೆ ಬೇಕೇ ಬೇಕು. ಆದರೆ ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ. 1998ರವರು ಅರಿತಿದ್ದ ಈ ಮಾತನ್ನು ಮುಂದಿನ ನಿಯಮ ಬರೆಯುವವರೂ ನೆನೆಯಲಿ.