ಹಗೇವಿನಿಂದ ಕೊಳವೆಬಾವಿಯವರೆಗೆ

ಎಳೆಯ ಮಕ್ಕಳಿಗೆ ಅಪಾಯವಾಗದಂತೆ ಮನೆಯನ್ನು ಸಜ್ಜುಗೊಳಿಸಿಕೊಡುವ ಪರಿಣತರು ಇಂದಿನ ಮಹಾನಗರಗಳಲ್ಲಿ ದೊರೆಯುತ್ತಾರಾದರೂ, ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದಂತಹ ಬಯಲುಸೀಮೆಯ ತಾಲ್ಲೂಕುಗಳಲ್ಲಿ ಈ ಕಾಳಜಿಯ ಚರಿತ್ರೆಯನ್ನು ಕಾಳಿಗಾಗಿಯೂ ನೀರಿಗಾಗಿಯೂ ನೆಲದಲ್ಲಿ ತೋಡಿದ ಗುಂಡಿಗಳ ಬಳಿ ಹುಡುಕಬೇಕಾಗುತ್ತದೆ.

ಇವುಗಳಲ್ಲಿ ಮನೆಗೆ ತೀರ ಹತ್ತಿರದ್ದು ಹಗೇವು, ಅಂದರೆ ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇರಿಸಲು ಗಟ್ಟಿನೆಲದಲ್ಲಿ ತೋಡುತ್ತಿದ್ದ, ಬಾಯಿ ಕಿರಿದಾಗಿ ಒಡಲು ಅಗಲವಾಗಿದ್ದ ನೆಲಗಣಜ. ಒಳಗಿನ ಕಾಳು ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ತುಂಬಿಸುತ್ತಿದ್ದುದರಿಂದ ಅಲ್ಲಿಗೆ ಇಳಿದವರು ಉಸಿರುಗಟ್ಟಿ ಸಾಯುವ ಭಯವಿತ್ತು. ಆದಕಾರಣ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಉಳಿದ ಕಾಲದಲ್ಲಿ ಚಪ್ಪಡಿ ಕಲ್ಲನ್ನು ಮುಚ್ಚಿ ಮಣ್ಣು ಮೆತ್ತುತ್ತಿದ್ದುದು ಕಾಳನ್ನು ತೇವ ಮತ್ತು ಹುಳುವಿನಿಂದ ಕಾಯುವುದಕ್ಕಾದರೂ, ಅಂಗಳದಲ್ಲಿ ಅಂಬೆಗಾಲಿಡುವ ಮಗುವನ್ನೂ ಅದೇ ಕಲ್ಲು ಕಾಯುತ್ತಿತ್ತು.

ನೀರಿನ ಕಥೆ ಬೇರೆ. ಈ ನಾಲ್ಕೂ ತಾಲ್ಲೂಕುಗಳ ಹೆಗ್ಗುರುತಾದ ತಲಪರಿಗೆ, ಅಂದರೆ ಮರಳುನೆಲವನ್ನು ಸ್ವಲ್ಪವೇ ಬಗೆದು ಒಸರುವ ನೀರನ್ನು ಕಾಲುವೆಗೆ ಹರಿಸುವ ಏರ್ಪಾಡು, ಆಳವಿಲ್ಲದ್ದು. ಅಂತರ್ಜಲ ಕುಸಿದು ತಲಪರಿಗೆಗಳು ಬತ್ತಿ, ತೆರೆದ ಬಾವಿಗಳೂ ಒಣಗಿದ ಮೇಲೆ ಬಂದದ್ದು ಕೊಳವೆಬಾವಿ. ತಮಿಳುನಾಡಿನ ತಿರುಚೆಂಗೋಡಿನಂತಹ ಊರುಗಳಿಂದ ಬರುವ ಲಾರಿಗಳು ಅಡಿಗೆ ಇಷ್ಟೆಂದು ಕೂಲಿ ಪಡೆದು ಕೊರೆಯುತ್ತವೆ. ನೀರು ಸಿಗದಿದ್ದಲ್ಲಿ ಬೆಲೆಬಾಳುವ ಕೇಸಿಂಗ್ ಪೈಪನ್ನು, ಅಂದರೆ ಮೇಲ್ಮಣ್ಣು ಕುಸಿಯದಂತೆ ಇಳಿಸಿದ ಕೊಳವೆಯನ್ನು, ಮತ್ತೊಂದು ಕಡೆಗೆಂದು ಕಿತ್ತುಕೊಳ್ಳುವುದೂ ಉಂಟು. ಆಗ ಉಳಿಯುವುದು ಪುಟ್ಟ ಮಗುವೊಂದು ಜಾರಬಹುದಾದಷ್ಟೇ ಅಗಲದ, ನೂರಾರು ಅಡಿ ಆಳದ ತೂತು. ಹಗೇವನ್ನು ಮುಚ್ಚುವುದರಲ್ಲಿ ಮನೆಯವರ ಅನ್ನವೇ ಅಡಗಿತ್ತು. ಏನನ್ನೂ ಕೊಡದ ಈ ತೂತನ್ನು ಮುಚ್ಚುವುದು ಸಾಲದಲ್ಲಿ ಮುಳುಗಿದ ರೈತನಿಗೆ ಮತ್ತೊಂದು ಖರ್ಚು ಮಾತ್ರ, ಮತ್ತು ಮಕ್ಕಳು ಪ್ರಾಣ ತೆತ್ತದ್ದು ಈ ಅಂತರದಲ್ಲಿಯೇ.

ದೇಶದ ಹಲವೆಡೆ ಇಂಥ ಸಾವುಗಳು ಸಂಭವಿಸಿದ ನಂತರ ಸುಪ್ರೀಂ ಕೋರ್ಟ್ 2010ರಲ್ಲಿ ನೀಡಿದ ನಿರ್ದೇಶನಗಳ ಪ್ರಕಾರ, ಕೊರೆಯುವ 15 ದಿನ ಮೊದಲೇ ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯುವ ಸಂಸ್ಥೆ ನೋಂದಣಿಯಾಗಿರಬೇಕು, ಸುತ್ತ ಮುಳ್ಳುತಂತಿಯ ಬೇಲಿ ಹಾಕಬೇಕು, ಕೇಸಿಂಗ್ ಸುತ್ತ ನೆಲದ ಮೇಲೆ 0.30 ಮೀಟರ್ ಮತ್ತು ಕೆಳಗೆ 0.30 ಮೀಟರ್ ಕಾಂಕ್ರೀಟ್ ಕಟ್ಟೆ ಕಟ್ಟಿ ಬಾಯಿಗೆ ಉಕ್ಕಿನ ಮುಚ್ಚಳವನ್ನು ಬೆಸೆಯಬೇಕು, ಕೈಬಿಟ್ಟ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಿಸಬೇಕು. ಹಳ್ಳಿಗಳಲ್ಲಿ ಇದರ ಮೇಲ್ವಿಚಾರಣೆಯ ಹೊಣೆ ಗ್ರಾಮ ಪಂಚಾಯಿತಿಯ ಮುಖ್ಯಸ್ಥರದು ಮತ್ತು ಕೃಷಿ ಇಲಾಖೆಯ ಅಧಿಕಾರಿಯದು.